ಹೊಗೆ ನೀರು, ಮೂರು ಲೋಟ, ಒಂದು ಜೀನ್: ಮನೆಯವರ ಮೂಗು ಪರೀಕ್ಷಿಸುವುದು ಹೇಗೆ

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಅಪ್ಪನ ಹನ್ನೆರಡು ಮೂಟೆ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ, ವಾಪಸ್ ಬಂತು. ಕೊಳ್ಳುವವರು ಒಂದು ಹಿಡಿ ತೆಗೆದು ಮೂಸಿ, "ಗೌಡ್ರೇ, ಹೊಗೆ ಹಿಡಿದಿದೆ" ಅಂದರಂತೆ. ಅಪ್ಪ ಒಪ್ಪಲಿಲ್ಲ. ತಾವೂ ಮೂಸಿ ನೋಡಿದರು. ಏನೂ ಇಲ್ಲ. ರೇಟು ಇಳಿಸೋ ಆಟ ಇದು ಎಂದು ರೇಗಿ, ಗಾಡಿ ತಿರುಗಿಸಿಕೊಂಡು ಮನೆಗೆ ಬಂದುಬಿಟ್ಟರು.

ನಮ್ಮೂರು ಸಕಲೇಶಪುರದಿಂದ ಹಾನುಬಾಳಿನ ಕಡೆ ಹೋಗುವ ದಾರಿಯಲ್ಲಿದೆ. ಆ ಶನಿವಾರ ನಾನು ಹಾಸನದಿಂದ ಹೋಗಿದ್ದೆ. ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಗೆ ಬಡಿಯಿತು. ಕುಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದಿತ್ತು. ಕಣದಲ್ಲಿ ಹರಡಿದ್ದ ಹಸಿ ಕಾಫಿಯನ್ನು ಬಚ್ಚಲ ಒಲೆಯ ಪಕ್ಕದ ಕೊಟ್ಟಿಗೆಗೆ ಎಳೆದು ಹಾಕಿದ್ದರು. ಒಲೆಯಲ್ಲಿ ದಿನಾ ಹಂಡೆ ನೀರು ಕಾಯುತ್ತದೆ. ಇನ್ನೇನಾಗುತ್ತದೆ?

"ಅಪ್ಪ, ಹೊಗೆ ಇದೆ" ಎಂದೆ.

"ನಿನ್ ಮೂಗು ಸರಿ ಇಲ್ಲ ಕಣವ್ವ" ಅಂದರು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಮೂಗಿನ ಬಗ್ಗೆ ವರ್ಷಕ್ಕೆ ಅರ್ಧ ಗಂಟೆ ಮಾತಾಡಿ ಮುಗಿಸುತ್ತಿದ್ದೆ. ಈ ಜಗಳದಿಂದಾಗಿ ಸರಿಯಾಗಿ ಕೂತು ಓದಿದೆ. ಓದಿದ ಮೇಲೆ ಗೊತ್ತಾಗಿದ್ದು, ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ಕೊಳ್ಳುವವರೂ ಸುಳ್ಳು ಹೇಳಿರಲಿಲ್ಲ. ಇಬ್ಬರ ಮೂಗಿನಲ್ಲಿರುವ ಸಾಮಾನು ಬೇರೆ ಬೇರೆ ಇರಬಹುದು. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಆಮೇಲೆ ಆ ವಾಸನೆಗೆ ಸಂಬಂಧಪಟ್ಟ ಜೀನ್ (ವಂಶವಾಹಿ) ಯಾವುದು ಎಂದು ಫೋನಿನಲ್ಲೇ ತೆಗೆದು ಓದಬಹುದು. ನಾನು ಮಾಡಿದ್ದನ್ನು ಹಾಗೇ ಬರೆಯುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಸಾಕು.

ಮೊದಲು ಮೂಗಿನೊಳಗೆ ಏನಿದೆ

ಮೂಗಿನ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವಿನ ಮಟ್ಟಕ್ಕೆ, ಒಂದು ಸಣ್ಣ ಜಾಗ ಇದೆ. ಅಲ್ಲಿ ವಾಸನೆ ಹಿಡಿಯುವ ಲಕ್ಷಾಂತರ ನರಕೋಶಗಳಿವೆ. ಪ್ರತಿ ಕೋಶದ ತುದಿಯಲ್ಲಿ ಕೂದಲಿನಂಥ ಎಳೆಗಳು. ಆ ಎಳೆಗಳ ಪೊರೆಯಲ್ಲಿ ಕೂತಿರುವ ಪ್ರೋಟೀನೇ ರಿಸೆಪ್ಟರ್. ಸುಮಾರು 300 ಅಮೈನೋ ಆಮ್ಲಗಳ ಒಂದು ಸರ. ಸೀರೆಗೆ ಫಾಲ್ಸ್ ಹೊಲಿಯುವಾಗ ಸೂಜಿ ಒಳಗೆ ಹೊರಗೆ ಹೋಗುತ್ತದಲ್ಲ, ಹಾಗೆ ಈ ಸರ ಪೊರೆಯನ್ನು ಏಳು ಸಲ ದಾಟುತ್ತದೆ. ಮಧ್ಯೆ ಒಂದು ಸಣ್ಣ ಗುಳಿ ಉಳಿಯುತ್ತದೆ. ಗಾಳಿಯಲ್ಲಿ ಬಂದ ವಾಸನೆಯ ಅಣು ಅಲ್ಲಿ ಕೂತರೆ ಪ್ರೋಟೀನ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಕೋಶದೊಳಗೆ ಸಿಗ್ನಲ್ ಏಳುತ್ತದೆ, ಕ್ಯಾಲ್ಸಿಯಂ ಸೋಡಿಯಂ ಒಳಗೆ ನುಗ್ಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ.

ಈ ರಿಸೆಪ್ಟರ್‌ಗಳನ್ನು ಮಾಡುವ ಜೀನ್‌ಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು, ಇಲಿಯ ಮೂಗಿನಲ್ಲಿ. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡುವಂಥವು ಸುಮಾರು 400. ಜೊತೆಗೆ ಕೆಟ್ಟು ನಿಂತವೂ ನೂರಾರು ಇವೆ. ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದ ತಾತನ ಕಾಲದ ಪಲ್ಪರ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಇರುತ್ತಲ್ಲ, ಹಾಗೆ. ಯಾರೂ ಬಿಸಾಕಿಲ್ಲ, ಯಾರೂ ಬಳಸುವುದೂ ಇಲ್ಲ. ಇಲಿ ಜಾತಿಗೆ ಸಾವಿರಕ್ಕೂ ಜಾಸ್ತಿ ಇವೆ. ಆನೆಗೆ ಸುಮಾರು 2000! ಎಣಿಸಿದ್ದು ಆಫ್ರಿಕಾದ ಆನೆಯಲ್ಲಿ. ಆದರೂ ಹಲಸು ಹಣ್ಣಾದ ಸುದ್ದಿ ಆಲೂರು, ಸಕಲೇಶಪುರದ ಕಡೆ ನಮಗಿಂತ ಮೊದಲು ಆನೆಗೆ ಹೇಗೆ ಗೊತ್ತಾಗುತ್ತೆ ಅನ್ನೋದಕ್ಕೆ ನನಗಂತೂ ಇನ್ನೇನೂ ವಿವರಣೆ ಬೇಡ.

ಒಂದು ನರಕೋಶ ಒಂದೇ ಬಗೆಯ ರಿಸೆಪ್ಟರ್ ಇಟ್ಟುಕೊಳ್ಳುತ್ತದೆ. ಆದರೆ ಒಂದು ವಾಸನೆ ಹಲವು ರಿಸೆಪ್ಟರ್‌ಗಳನ್ನು ತಟ್ಟುತ್ತದೆ, ಒಂದು ರಿಸೆಪ್ಟರ್ ಹಲವು ವಾಸನೆಗಳಿಗೆ ಓಗೊಡುತ್ತದೆ. ಇದು ರಂಗೋಲಿ ಲೆಕ್ಕ. ಚುಕ್ಕಿಗಳು 400 ಮಾತ್ರ, ಅವನ್ನು ಸೇರಿಸುವ ಗೆರೆಗಳಿಗೆ ಕೊನೆಯಿಲ್ಲ. ಒಂದು ಚುಕ್ಕಿ ಅಳಿಸಿದರೆ ಹೆಚ್ಚಿನ ರಂಗೋಲಿಗಳಲ್ಲಿ ಗೊತ್ತೇ ಆಗುವುದಿಲ್ಲ. ಕೆಲವು ರಂಗೋಲಿಗಳು ಮಾತ್ರ ಆ ಒಂದು ಚುಕ್ಕಿಯ ಮೇಲೇ ನಿಂತಿರುತ್ತವೆ. ಅಂಥ ಕಡೆ ಒಬ್ಬರಿಗೆ ಹೊಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ.

ಲೋಟದ ಪರೀಕ್ಷೆ

ಬೇಕಾದ್ದು: ಸ್ಟೀಲ್ ಲೋಟ ಆರು, ಮುಚ್ಚಲು ತಟ್ಟೆ ಆರು, ಕಾಯಿಸಿ ಆರಿಸಿದ ನೀರು, ಒಂದು ಟೀ ಚಮಚ, ಒಂದಿಷ್ಟು ಕೆಂಡ, ಒಣಗಿದ ಕಾಫಿ ಕಡ್ಡಿ. ಬೋರ್‌ವೆಲ್ ನೀರಿಗೆ ಅದರದೇ ವಾಸನೆ ಇರುತ್ತದೆ. ಅದಕ್ಕೆ ಎಲ್ಲಾ ಲೋಟಕ್ಕೂ ಒಂದೇ ಪಾತ್ರೆಯ ನೀರು ಬಳಸಿ. ಪ್ಲಾಸ್ಟಿಕ್ ಲೋಟ ಬೇಡ. ಲೋಟಗಳನ್ನು ಬರೀ ಬಿಸಿನೀರಲ್ಲಿ ತೊಳೆಯಿರಿ. ನಿಂಬೆ ಪರಿಮಳದ ಪಾತ್ರೆ ಸೋಪು ಹಾಕಿದಿರೋ, ಎಲ್ಲರೂ ನಿಂಬೆಯನ್ನೇ ಮೂಸುತ್ತಾರೆ.

ಹೊಗೆ ನೀರು ಮಾಡುವುದು ಅಂಗಳದಲ್ಲಿ. ಕೆಂಡದ ಮೇಲೆ ಕಡ್ಡಿ ಚೂರು ಹಾಕಿ. ಹೊಗೆ ಏಳುತ್ತಿದ್ದ ಹಾಗೆ, ಒಳಗೆ ನೀರು ಚಿಮುಕಿಸಿದ ಪಾತ್ರೆಯೊಂದನ್ನು ಅದರ ಮೇಲೆ ಬೋರಲು ಹಾಕಿ ಎರಡು ನಿಮಿಷ ಬಿಡಿ. ಬಟ್ಟೆಯಲ್ಲಿ ಹಿಡಿದು ಎತ್ತಿ, ಪಾತ್ರೆ ಆರಿದ ಮೇಲೆ ಅರ್ಧ ಲೀಟರ್ ನೀರು ಹಾಕಿ ಚೆನ್ನಾಗಿ ಕುಲುಕಿ. ಇದು ಒಂದನೇ ನೀರು. ಇದರಲ್ಲಿ ಒಂದು ಚಮಚ ತೆಗೆದು ಒಂಬತ್ತು ಚಮಚ ಸಾದಾ ನೀರಿಗೆ ಹಾಕಿದರೆ ಎರಡನೇ ನೀರು. ಅದರಲ್ಲಿ ಒಂದು ಚಮಚ, ಮತ್ತೆ ಒಂಬತ್ತು ಸಾದಾ: ಮೂರನೆಯದು. ಹೀಗೆ ಐದನೆಯವರೆಗೆ ಹೋಗಿ. ಪ್ರತಿ ಸಲ ಚಮಚ ತೊಳೆಯಿರಿ. ಪಾತ್ರೆಗಳ ಮೇಲೆ ನಂಬರ್ ಬರೆದಿಡಿ, ಇಲ್ಲದಿದ್ದರೆ ನನ್ನ ಹಾಗೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಇದು ಮೂಸೋಕೆ ಮಾತ್ರ, ಕುಡಿಯೋಕಲ್ಲ.

ಹೊಗೆಯೇ ಯಾಕೆ ಅಂದರೆ, ಕಟ್ಟಿಗೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಇದೆ. ಅದು ಸುಟ್ಟಾಗ ಗ್ವಾಯಕಾಲ್ ಎಂಬ ಅಣು ಹೊರಡುತ್ತದೆ. ಹೊಗೆ ವಾಸನೆಯಲ್ಲಿ ಅದರದು ದೊಡ್ಡ ಪಾಲು. ಹುರಿದ ಕಾಫಿಯಲ್ಲೂ ಅದು ಸ್ವಲ್ಪ ಇರುತ್ತದೆ, ಅಲ್ಲಿ ಅದು ಹದವಾಗಿದ್ದರೆ ಚೆಂದ. ಈ ಅಣುವಿಗೆ ಸ್ಪಂದಿಸುವ ರಿಸೆಪ್ಟರ್ ಯಾವುದು ಎಂದು ಗೊತ್ತಿದೆ. ಅದಕ್ಕೇ ಇದನ್ನು ಆರಿಸಿದೆ.

ಈಗ ಪರೀಕ್ಷೆ. ಮೂರು ಲೋಟ ಇಡಿ. ಎರಡರಲ್ಲಿ ಸಾದಾ ನೀರು, ಒಂದರಲ್ಲಿ ಹೊಗೆ ನೀರು. ತಳಕ್ಕೆ ಸೀಮೆಸುಣ್ಣದ ಗುರುತು. ಮೂಸುವವರ ಕೆಲಸ ಒಂದೇ: ಬೇರೆ ಇರುವ ಲೋಟ ಯಾವುದು ಎಂದು ತೋರಿಸುವುದು. ಗೊತ್ತಾಗದಿದ್ದರೂ ಒಂದನ್ನು ತೋರಿಸಲೇಬೇಕು. ಕಾಫಿ ಕಪ್ಪಿಂಗ್ ಮಾಡುವವರು, ಅಂದರೆ ಕಾಫಿಯ ರುಚಿ ವಾಸನೆ ನೋಡಿ ಗುಣಮಟ್ಟ ಹೇಳುವವರು, ಇದಕ್ಕೆ ಟ್ರಯಾಂಗಲ್ ಟೆಸ್ಟ್ ಅನ್ನುತ್ತಾರೆ. "ಹೊಗೆ ಬಂತಾ?" ಎಂದು ಕೇಳುವ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ. ಹಾಗೆ ಕೇಳಿದರೆ ಕೆಲವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ, ನಮ್ಮಪ್ಪ ಎಲ್ಲದಕ್ಕೂ ಇಲ್ಲ ಅನ್ನುತ್ತಾರೆ.

ಸುರಿಯುವವರು ಬೇರೆ, ತಂದು ಇಡುವವರು ಬೇರೆ ಇರಲಿ. ಇಡುವವರಿಗೆ ಯಾವ ಲೋಟದಲ್ಲಿ ಏನಿದೆ ಅನ್ನೋದು ಗೊತ್ತಿರಬಾರದು. ಇದನ್ನು ತಮಾಷೆ ಅಂದುಕೊಳ್ಳಬೇಡಿ. ಮೊದಲ ಸುತ್ತಿನಲ್ಲಿ ಸುರಿದವಳೂ ನಾನೇ, ಇಟ್ಟವಳೂ ನಾನೇ. ಅಪ್ಪ ಲೋಟ ಮೂಸುವ ಬದಲು ನನ್ನ ಮುಖ ನೋಡಿ ನಾಲ್ಕು ಸಲ ಸರಿ ಹೇಳಿದರು. ಸಂತೆಯಲ್ಲಿ ಐವತ್ತು ವರ್ಷ ಚೌಕಾಸಿ ಮಾಡಿದವರು, ಮುಖ ಓದೋಕೆ ಬರಲ್ವಾ?

ತೀರಾ ತೆಳುವಾದ ಐದನೇ ನೀರಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಗಟ್ಟಿಯಾದ್ದನ್ನು ಮೊದಲು ಮೂಸಿದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ, ಆಮೇಲೆ ತೆಳುವಾದ್ದು ತಿಳಿಯುವುದೇ ಇಲ್ಲ. ತಟ್ಟೆ ಸರಿಸಿ ಎರಡು ಚಿಕ್ಕ ಉಸಿರು ಎಳೆದರೆ ಸಾಕು, ಉದ್ದಕ್ಕೆ ಎಳೆಯಬೇಡಿ. ಎರಡೂ ಹೊಳ್ಳೆ ತೆರೆದಿರಲಿ. ನಮ್ಮ ಹೊಳ್ಳೆಗಳು ಪಾಳಿಯ ಮೇಲೆ ಕೆಲಸ ಮಾಡುತ್ತವೆ, ಕೆಲವು ಗಂಟೆ ಒಂದು ಬಿಗಿದಿರುತ್ತದೆ, ಆಮೇಲೆ ಇನ್ನೊಂದು. ಲೋಟದಿಂದ ಲೋಟಕ್ಕೆ ಅರ್ಧ ನಿಮಿಷ ಬಿಡುವು ಕೊಡಿ.

ಒಂದೊಂದು ಮಟ್ಟಕ್ಕೂ ಆರು ಸಲ ಮಾಡಿ. ಪ್ರತಿ ಸಲ ಲೋಟಗಳ ಜಾಗ ಬದಲಾಗಲಿ, ಚೀಟಿ ಎತ್ತಿ ನಿರ್ಧರಿಸಿ. ಸುಮ್ನೆ ಊಹಿಸಿದರೂ ಆರಕ್ಕೆ ಎರಡು ಸರಿ ಬರುತ್ತದೆ. ನಾಲ್ಕು ಅಥವಾ ಜಾಸ್ತಿ ಸರಿ ಬರುವ ಅದೃಷ್ಟ ನೂರಕ್ಕೆ ಹತ್ತು ಸಲ ಸಿಗುತ್ತದೆ, ಹಾಗಾಗಿ ನಾಲ್ಕನ್ನು ನಂಬಬೇಡಿ. ಐದು ಅಥವಾ ಆರು ಬರುವುದು ನೂರಕ್ಕೆ ಎರಡು ಸಲಕ್ಕಿಂತ ಕಡಿಮೆ. ಐದು ಬಂದರೆ ಆ ಮೂಗಿಗೆ ಆ ಮಟ್ಟದ ಹೊಗೆ ಸಿಕ್ಕಿತು ಎಂದು ಬರೆದುಕೊಳ್ಳಬಹುದು.

ಬೆಳಿಗ್ಗೆ ಕಾಫಿಗೆ ಮುಂಚೆ ಮಾಡಿದರೆ ಒಳ್ಳೆಯದು. ಅವತ್ತು ಮನೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಬೇಡ. ಪೌಡರ್, ತಲೆಗೆ ಎಣ್ಣೆ ಬೇಡ. ಮಲ್ಲಿಗೆ ಮುಡಿದವರು ಲೋಟದ ಹತ್ತಿರ ಸುಳಿಯಬಾರದು. ಅವ್ವನಿಗೆ ಇದೊಂದೇ ನಿಯಮ ಇಷ್ಟವಾಗಲಿಲ್ಲ. ನೆಗಡಿ ಇದ್ದವರಿಗೆ ಇನ್ನೊಂದು ವಾರ ಕಾಯಲು ಹೇಳಿ. ಗ್ಯಾಸು, ಫಿನಾಯಿಲ್, ಪೆಟ್ರೋಲ್ ಇಟ್ಟುಕೊಂಡು ಯಾರೂ ಈ ಆಟ ಆಡಬೇಡಿ.

ಜೀನ್ ಪುಟ ತೆರೆದು ಓದುವುದು

ಗ್ವಾಯಕಾಲ್‌ಗೆ ಸ್ಪಂದಿಸುವ ಆ ರಿಸೆಪ್ಟರ್‌ನ ಹೆಸರು ಓಆರ್10ಜಿ4 (OR10G4). ಮೊದಲ ಸಲ ನೋಡಿದಾಗ ಲಾರಿ ನಂಬರ್ ಥರ ಕಾಣುತ್ತದೆ. ನಮ್ಮ ಕಡೆ ಹೆಸರಿನ ಮುಂದೆ ಊರಿನ ಇನಿಶಿಯಲ್, ಅಪ್ಪನ ಇನಿಶಿಯಲ್ ಹಾಕುತ್ತೇವಲ್ಲ, ಇದೂ ಅಷ್ಟೇ. ಓಆರ್ ಅಂದರೆ ವಾಸನೆಯ ರಿಸೆಪ್ಟರ್. 10 ಅಂದರೆ ಊರು, ಅಂದರೆ ದೊಡ್ಡ ಕುಟುಂಬ. ಜಿ ಅಂದರೆ ಆ ಊರಿನ ಒಂದು ಮನೆ. 4 ಆ ಮನೆಯ ಒಂದು ಮಗು. ಒಂದೇ ಊರಿನವು ಅನ್ನಿಸಿಕೊಳ್ಳಲು ಅಮೈನೋ ಆಮ್ಲದ ಸರದಲ್ಲಿ ಸುಮಾರು ನೂರಕ್ಕೆ ನಲವತ್ತು ಹೊಂದಬೇಕು, ಒಂದೇ ಮನೆಯವು ಅನ್ನಿಸಿಕೊಳ್ಳಲು ಅರವತ್ತು. ಹೆಸರಿನ ಕೊನೆಗೆ ಪಿ ಇದ್ದರೆ ಅದು ಆ ತುಕ್ಕು ಹಿಡಿದ ಪಲ್ಪರ್.

ಫೋನಿನ ಬ್ರೌಸರ್‌ನಲ್ಲಿ ಯೂನಿಪ್ರಾಟ್ (UniProt) ಎಂದು ಹುಡುಕಿ. ಪ್ರೋಟೀನ್‌ಗಳ ಮಾಹಿತಿ ಇಡುವ ಜಾಗ ಅದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಹುಡುಕುವ ಜಾಗದಲ್ಲಿ ಜೀನಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಹಾಕಿ. ಪಟ್ಟಿಯಲ್ಲಿ ಬೇರೆ ಪ್ರಾಣಿಗಳದ್ದೂ ಬರಬಹುದು. ಮನುಷ್ಯನದ್ದು, ಅಂದರೆ ಹೋಮೋ ಸೇಪಿಯನ್ಸ್ ಎಂದಿರುವುದನ್ನು ಒತ್ತಿ.

ಪುಟ ದೊಡ್ಡದು. ಎಲ್ಲಾ ಓದಬೇಕಿಲ್ಲ. ಮೊದಲು ಪ್ರೋಟೀನಿನ ಉದ್ದ ನೋಡಿ, 300ರ ಆಸುಪಾಸು ಇರುತ್ತದೆ. ಆಮೇಲೆ ಪ್ರೋಟೀನ್ ಕೋಶದ ಯಾವ ಜಾಗದಲ್ಲಿದೆ ಎಂದು ತೋರಿಸುವ ಭಾಗಕ್ಕೆ ಇಳಿಯಿರಿ. ಅಲ್ಲಿ ಟ್ರಾನ್ಸ್‌ಮೆಂಬ್ರೇನ್ ಎಂದು ಬರೆದ ಸಾಲುಗಳನ್ನು ಬೆರಳಿಟ್ಟು ಎಣಿಸಿ. ಏಳು. ನಾನು ಹೇಳಿದ ಏಳು ಹೊಲಿಗೆ ಇವೇ. ವೇರಿಯಂಟ್ ಎಂಬ ಭಾಗ ಇನ್ನೂ ಮುಖ್ಯ. ಜನರಿಂದ ಜನರಿಗೆ ಈ ಸರದಲ್ಲಿ ಯಾವ ಮಣಿ ಬದಲಾಗಿದೆ ಎಂಬ ಪಟ್ಟಿ ಅದು. ಎಷ್ಟನೇ ಜಾಗದಲ್ಲಿ ಯಾವ ಅಮೈನೋ ಆಮ್ಲ ಹೋಗಿ ಯಾವುದು ಬಂತು ಎಂದು ಇರುತ್ತದೆ.

ಪ್ರೋಟೀನಿನ ಆಕಾರದ ಬಣ್ಣದ ಚಿತ್ರವೂ ಸಿಗುತ್ತದೆ, ತಿರುಗಿಸಿ ನೋಡಬಹುದು. ಆದರೆ ಹೆಚ್ಚಿನವು ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದವು. ಮನುಷ್ಯನ ವಾಸನೆ ರಿಸೆಪ್ಟರ್ ಒಂದರ ಆಕಾರವನ್ನು ಪ್ರಯೋಗದಿಂದ ಮೊದಲ ಸಲ ಹಿಡಿದದ್ದು 2023ರಲ್ಲಿ. ಅದು ಓಆರ್51ಇ2, ಪ್ರೊಪಿಯೋನೇಟ್ ಎಂಬ ಅಣು ಅದರ ಗುಳಿಯಲ್ಲಿ ಕೂತಿತ್ತು. ಆ ರಿಸೆಪ್ಟರ್ ಮೂಗಿನಲ್ಲಷ್ಟೇ ಅಲ್ಲ, ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲೂ ಇದೆ. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ಎದ್ದು ಕೂತರು.

ಜೀನ್ ಎಲ್ಲಿದೆ ಎಂದು ನೋಡಲು ಎನ್‌ಸಿಬಿಐ (NCBI) ಎಂಬ ಜೀನ್ ಮಾಹಿತಿಯ ವೆಬ್‌ಸೈಟಿನಲ್ಲಿ ಜೀನ್ ವಿಭಾಗಕ್ಕೆ ಹೋಗಿ ಅದೇ ಹೆಸರು ಹಾಕಿ. 11ಕ್ಯೂ24.1 ಎಂದು ತೋರಿಸುತ್ತದೆ. ಇದು ವಿಳಾಸ: 11ನೇ ಕ್ರೋಮೋಸೋಮ್, ಕ್ಯೂ ಅಂದರೆ ಅದರ ಉದ್ದನೆಯ ತೋಳು, 24.1 ಅಲ್ಲಿನ ಒಂದು ಪಟ್ಟೆ. ವಾಸನೆ ಜೀನ್‌ಗಳು ಅತಿ ಜಾಸ್ತಿ ಇರುವುದು ಈ 11ನೆಯದರಲ್ಲೇ. 20ನೆಯದರಲ್ಲಿ ಮತ್ತು ವೈ ಕ್ರೋಮೋಸೋಮಿನಲ್ಲಿ ಒಂದೂ ಇಲ್ಲ.

ಕೈ ಪಳಗಿದ ಮೇಲೆ ಇನ್ನೂ ಕೆಲವನ್ನು ತೆಗೆದು ನೋಡಿ. ಓಆರ್2ಜೆ3, ಆಗ ತಾನೇ ಕೊಯ್ದ ಹುಲ್ಲಿನ ಹಸಿ ವಾಸನೆಗೆ. ಓಆರ್5ಎ1, ಬೀಟಾ ಅಯೋನೋನ್ ಎಂಬ ಹೂವಿನ ವಾಸನೆಗೆ. ಈ ಅಣು ಸಂಪಿಗೆಯಲ್ಲೂ ಇದೆ. ಓಆರ್5ಎ1ರಲ್ಲಿ ಒಂದೇ ಒಂದು ಮಣಿ, 183ನೆಯದು, ಬದಲಾದರೆ ಆ ಅಣುವಿನ ವಾಸನೆಯೇ ಬೇರೆಯಾಗಿಬಿಡುತ್ತದೆ. ಒಬ್ಬರಿಗೆ ಹೂವು, ಇನ್ನೊಬ್ಬರಿಗೆ ಹುಳಿಹುಳಿ. ಕೊತ್ತಂಬರಿ ಸೊಪ್ಪಿನ ಜಗಳ ನಿಮ್ಮನೆಯಲ್ಲಿದ್ದರೆ ಓಆರ್6ಎ2 ನೋಡಿ. 2012ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಸೊಪ್ಪು ಸೋಪಿನ ಹಾಗಿದೆ ಅನ್ನುವವರಲ್ಲಿ ಈ ಜೀನಿನ ಹತ್ತಿರದ ಒಂದು ಬದಲಾವಣೆ ಜಾಸ್ತಿ ಕಂಡಿತು. ಸಂಬಂಧ ಇದೆ, ಆದರೆ ತೆಳುವಾಗಿ. ನಮ್ಮ ತಮ್ಮನ ಹೆಂಡತಿ ಸಾರಿನಿಂದ ಒಂದೊಂದೇ ಎಲೆ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಾಳೆ. "ಅಕ್ಕ, ಇದು ತಿಗಣೆ ವಾಸನೆ" ಅನ್ನುತ್ತಾಳೆ. ನಾವೆಲ್ಲ ನಖರಾ ಅಂದುಕೊಂಡಿದ್ದೆವು. ಕೊತ್ತಂಬರಿ ಸೊಪ್ಪಿನಲ್ಲಿರುವ ಆಲ್ಡಿಹೈಡ್ ಎಂಬ ಬಗೆಯ ಅಣುಗಳು ವಾಸನೆ ಬಿಡುವ ತಿಗಣೆ ಜಾತಿಯ ಹುಳಗಳಲ್ಲೂ ಇವೆ ಎಂದು ಓದಿದ ಮೇಲೆ ಬಾಯಿ ಮುಚ್ಚಿಕೊಂಡೆವು.

ಎರಡನ್ನೂ ಸೇರಿಸುವಾಗ ಹುಷಾರು

ನಾನು ಎಡವಿದ್ದು ಇಲ್ಲೇ. ಅಪ್ಪನಿಗೆ ಒಂದನೇ ನೀರಿನಲ್ಲಿ ಮಾತ್ರ ಆರಕ್ಕೆ ಆರು ಬಂತು. ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಎರಡು. ನಾನು ಖುಷಿಯಲ್ಲಿ "ಅಪ್ಪ, ನಿಮ್ಮ ಓಆರ್10ಜಿ4 ಕೆಟ್ಟಿದೆ" ಎಂದುಬಿಟ್ಟೆ. ಅದು ತಪ್ಪು. ಅಪ್ಪನಿಗೆ ಎಪ್ಪತ್ತೊಂದು. ವಯಸ್ಸಾದಂತೆ ಎಲ್ಲಾ ವಾಸನೆಗಳೂ ಮಂಕಾಗುತ್ತವೆ. ಬಚ್ಚಲ ಒಲೆಯ ಹೊಗೆಯಲ್ಲೇ ಬಾಳಿದ ಮೂಗು ಬೇರೆ. ಕಡ್ಡಿ ಸುಟ್ಟ ಹೊಗೆಯಲ್ಲಿ ಗ್ವಾಯಕಾಲ್ ಒಂದೇ ಇರುವುದಿಲ್ಲ, ಇನ್ನೂ ಬೇಕಾದಷ್ಟು ಅಣುಗಳಿರುತ್ತವೆ. ಓಆರ್10ಜಿ4 ಬಗ್ಗೆ 2014ರಲ್ಲಿ ಬಂದ ಅಧ್ಯಯನದ ಪ್ರಕಾರ, ಗ್ವಾಯಕಾಲ್ ಎಷ್ಟು ಜೋರಾಗಿ ಅನ್ನಿಸುತ್ತದೆ ಎಂಬುದರಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ನೂರಕ್ಕೆ ಹದಿನೈದರಷ್ಟನ್ನು ಈ ಜೀನಿನ ಬದಲಾವಣೆಗಳು ವಿವರಿಸುತ್ತವೆ. ಒಂದೇ ಜೀನಿಗೆ ಅದು ದೊಡ್ಡ ಪಾಲು. ಉಳಿದ ಎಂಬತ್ತೈದಕ್ಕೆ ಬೇರೆ ಕಾರಣಗಳಿವೆ. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇಷ್ಟ: ಯಾವುದೇ ಇಬ್ಬರನ್ನು ತೆಗೆದುಕೊಂಡರೂ ಅವರ ವಾಸನೆ ರಿಸೆಪ್ಟರ್‌ಗಳಲ್ಲಿ ಸರಾಸರಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ.

ಹಾಗಾಗಿ ಲೋಟದ ಪರೀಕ್ಷೆ ಮೂಗಿನ ಬಗ್ಗೆ ಹೇಳುತ್ತದೆ, ಜೀನಿನ ಬಗ್ಗೆ ಹೇಳುವುದಿಲ್ಲ. ಅಪ್ಪನದು ವಯಸ್ಸೋ ಜೀನೋ ಎಂದು ಸ್ವಲ್ಪ ಅಂದಾಜು ಮಾಡಲು ಒಂದು ದಾರಿ ಇದೆ: ಲವಂಗದ್ದೂ ಮಾಡಿ. ಐದು ಲವಂಗ ಒಂದು ಲೋಟ ನೀರಲ್ಲಿ ಕುದಿಸಿ, ಆರಿಸಿ, ಅದೇ ಥರ ಹತ್ತಕ್ಕೊಂದು ತೆಳು ಮಾಡಿ. ಬಣ್ಣ ಕಾಣುತ್ತದೆ, ಕಣ್ಣು ಮುಚ್ಚಿಸಿ. ಎರಡರಲ್ಲೂ ಮಂಕಾದರೆ ಮೂಗೇ ಒಟ್ಟಾರೆ ಮಂಕಾಗಿದೆ ಅನ್ನಬಹುದು. ಲವಂಗ ಚೆನ್ನಾಗಿ ಸಿಕ್ಕಿ ಹೊಗೆ ಮಾತ್ರ ಸಿಗದಿದ್ದರೆ ಸಂಗತಿ ಬೇರೆ. ಅಪ್ಪನಿಗೆ ಲವಂಗದ ಮೂರನೇ ನೀರು ಸಿಕ್ಕಿತು, ನನಗೂ ಅಷ್ಟೇ. ಆಗ ಅವರ ಮುಖ ನೋಡಬೇಕಿತ್ತು. ಇಷ್ಟಕ್ಕೆಲ್ಲ ದುಡ್ಡು ಸುರಿದು ಡಿಎನ್‌ಎ ಟೆಸ್ಟ್ ಮಾಡಿಸಬೇಡಿ, ಉತ್ತರ ಇದಕ್ಕಿಂತ ಬಹಳ ಸ್ಪಷ್ಟವಾಗೇನೂ ಬರುವುದಿಲ್ಲ.

ಆದರೆ ಯಾರಿಗಾದರೂ ಏಕಾಏಕಿ ಎಲ್ಲಾ ವಾಸನೆ ಹೋಗಿದ್ದರೆ ಲೋಟ ಬಿಟ್ಟು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ. ವಾಸನೆ ತಿಳಿಯದ ಹಿರಿಯರು ಒಬ್ಬರೇ ಅಡಿಗೆ ಮಾಡುವ ಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸಿ. ಗ್ಯಾಸಿಗೆ ಕೆಟ್ಟ ವಾಸನೆಯ ಮರ್ಕಾಪ್ಟನ್ ಬೆರೆಸಿರುವುದೇ ಮೂಗು ಎಚ್ಚರಿಸಲಿ ಎಂದು. ಮೂಗೇ ಇಲ್ಲದಿದ್ದರೆ ಅದು ದಂಡ.

ನಮ್ಮನೆಯಲ್ಲಿ ಗೆದ್ದವಳು ಆ ಕೊತ್ತಂಬರಿ ಆರಿಸುವವಳು. ಹೊಗೆಯ ನಾಲ್ಕನೇ ನೀರಿನಲ್ಲಿ ಆರಕ್ಕೆ ಐದು. ನನಗೆ ಮೂರನೆಯದರಲ್ಲೇ ನಿಂತಿತು. ಈಗ ಮೂಟೆ ಹೊಲಿಯುವ ಮುಂಚೆ ಅಪ್ಪ ಅವಳನ್ನು ಕೊಟ್ಟಿಗೆಗೆ ಕರೆಯುತ್ತಾರೆ, ನನ್ನನ್ನಲ್ಲ. ಬಚ್ಚಲ ಒಲೆಯ ಪಕ್ಕ ಕಾಫಿ ಹಾಕುವುದನ್ನಂತೂ ಬಿಟ್ಟಿದ್ದಾರೆ.

ಕೊನೆಗೆ ಲೋಟಗಳನ್ನು ಎರಡು ಸಲ ಕುದಿಯುವ ನೀರಲ್ಲಿ ತೊಳೆದು, ಒಂದು ದಿನ ಬಿಸಿಲಿಗೆ ಇಡಿ. ಅವ್ವ ಒಂದೇ ಸಲ ತೊಳೆದು ಅವತ್ತೇ ಅದರಲ್ಲಿ ಕಾಫಿ ಕೊಟ್ಟಳು. ಅಪ್ಪ, ನಾನು, ತಮ್ಮ ಕುಡಿದು ಎದ್ದೆವು. ತಮ್ಮನ ಹೆಂಡತಿಯ ಲೋಟ ಮಾತ್ರ ಜಗಲಿ ಮೇಲೆ ಹಾಗೇ ಆರುತ್ತಾ ಕೂತಿತ್ತು.